ಮಿಂಚುಹುಳ ಮೇಲೇರಿದ ಮಧ್ಯಾಹ್ನ

ಕೆಲಸಕ್ಕೆ ಸೇರಿದ ಮೊದಲ ದಿನವೇ ಆ ಯಂತ್ರ ಅವಳ ಮನಸ್ಸು ಕದ್ದುಬಿಟ್ಟಿತು. ಅಕ್ಕಪಕ್ಕ ಎರಡು ಪರದೆ, ಅವುಗಳ ಮುಂದೆ ಬಣ್ಣಬಣ್ಣದ ಗುಂಡಿಗಳ ಕೀಬೋರ್ಡು. ಪತ್ರಿಕೆಯ ಮಾರುಕಟ್ಟೆ ವಿಭಾಗದವರು ಅದನ್ನು ಬರೀ ಟರ್ಮಿನಲ್ ಎನ್ನುತ್ತಿದ್ದರು. ಹಳದಿ ಗುಂಡಿ ಒತ್ತಿದರೆ ಷೇರುಪೇಟೆಯ ಸೂಚ್ಯಂಕಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು. ದೊಡ್ಡ ಕಂಪನಿಗಳದೊಂದು, ಸಣ್ಣ ಕಂಪನಿಗಳದೊಂದು, ಬ್ಯಾಂಕುಗಳದೊಂದು. ಏರಿದವು ಹಸಿರು, ಇಳಿದವು ಕೆಂಪು. ಯಾವುದಾದರೂ ಕಂಪನಿಯ ಹೆಸರು ಹೊಡೆದು ಹಸಿರು ಗುಂಡಿ ಒತ್ತಿದರೆ ಅದರ ಜಾತಕವೇ ಬಿಚ್ಚಿಕೊಳ್ಳುತ್ತಿತ್ತು: ಹುಟ್ಟಿದ್ದು ಯಾವಾಗ, ಯಜಮಾನರು ಯಾರು, ಏನು ಮಾಡುತ್ತದೆ, ಎಷ್ಟು ಜನ ದುಡಿಯುತ್ತಾರೆ, ಹಿಂದೆ ಯಾವ ಹೆಸರಿತ್ತು.

ಹುಡುಕುವುದು ಅವಳಿಗೆ ಹೊಸದಲ್ಲ. ಹನ್ನೊಂದು ವರ್ಷ ಟೆಲಿಫೋನ್ ವಿಚಾರಣೆ ಕೊಠಡಿಯಲ್ಲಿ ಕುಳಿತವಳು ಅವಳು. "ಹಲ್ಲಿನ ಡಾಕ್ಟರು, ಹೆಸರು ಮರೆತುಹೋಗಿದೆ, ಸೇತುವೆ ಪಕ್ಕ, ಮೆಟ್ಟಿಲು ಹತ್ತಬೇಕು" ಎಂದು ಯಾರೋ ಗೋಗರೆದರೆ ಇಪ್ಪತ್ತು ಸೆಕೆಂಡಿನಲ್ಲಿ ನಂಬರು ಹೇಳುತ್ತಿದ್ದಳು. ಎಲ್ಲರ ಜೇಬಿಗೂ ಫೋನು ಬಂದ ಮೇಲೆ ಕೇಳುವವರೇ ಇಲ್ಲವಾದರು, ಕೊಠಡಿಗೆ ಬೀಗ ಬಿತ್ತು. ಆಮೇಲೆ ಒಂಬತ್ತು ವರ್ಷ ಮನೆ, ಮಗಳು, ಅಲ್ಲಿ ಇಲ್ಲಿ ಅರ್ಧ ದಿನದ ಕೆಲಸ. ನಲವತ್ತೊಂದನೆಯ ವಯಸ್ಸಿನಲ್ಲಿ ಈ ಪತ್ರಿಕೆಯ ಸಂದರ್ಶನಕ್ಕೆ ಹೋದಾಗ ವಿಭಾಗದ ಮುಖ್ಯಸ್ಥ, "ಹುಡುಕೋದು ಗೊತ್ತಾ?" ಎಂದು ಕೇಳಿದ್ದ.

"ಹುಡುಕೋದು ಬಿಟ್ಟು ಬೇರೇನೂ ಗೊತ್ತಿಲ್ಲ ಸಾರ್," ಎಂದಿದ್ದಳು.

ಅವನು ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮೂರು ತಿಂಗಳ ಪರೀಕ್ಷಾರ್ಥ ಅವಧಿ ಕೊಟ್ಟ. ಕೆಲಸವೇನೋ ಸಣ್ಣದು. ಸಂಜೆ ಸೂಚ್ಯಂಕಗಳ ಅಂಕಿಗಳನ್ನು ಕೋಷ್ಟಕಕ್ಕೆ ತುಂಬಬೇಕು, ವರದಿಗಾರರು ಕೇಳಿದ ಕಂಪನಿಯ ವಿವರ ತೆಗೆದುಕೊಡಬೇಕು. ಆಫೀಸಿನಲ್ಲಿ ಅವಳ ಹೆಸರು ಹೊಸ ಮೇಡಂ ಎಂದಾಯಿತು. ಮುಖ್ಯಸ್ಥನಿಗೆ ಬೆನ್ನ ಹಿಂದೆ ಗಡಿಯಾರ ಎಂದು ಹೆಸರು. ಯಾರು ಎದುರಿಗೆ ಸಿಕ್ಕರೂ ಇನ್ನೆಷ್ಟು ನಿಮಿಷ ಉಳಿದಿದೆ ಎಂದು ಹೇಳದೆ ಬಿಡುತ್ತಿರಲಿಲ್ಲ.

ಅವಳು ಬೆಳಿಗ್ಗೆ ಅರ್ಧ ಗಂಟೆ ಮುಂಚೆಯೇ ಬಂದು ಟರ್ಮಿನಲ್ ಮುಂದೆ ಕೂರತೊಡಗಿದಳು. ಸೋಪಿನ ಕಂಪನಿಯಿಂದ ಅದರ ಯಜಮಾನ ಕಂಪನಿಗೆ, ಅಲ್ಲಿಂದ ಅದರ ತಂಗಿ ಕಂಪನಿಗೆ, ತಂಗಿಯಿಂದ ಎಲ್ಲೋ ದ್ವೀಪದಲ್ಲಿರುವ ಅಂಚೆಪೆಟ್ಟಿಗೆಯ ವಿಳಾಸಕ್ಕೆ. ಒಂದು ಬಾಗಿಲು ತೆರೆದರೆ ಹತ್ತು ಬಾಗಿಲು. ಮನೆಗೆ ಬಂದರೂ ಅದೇ ಗುಂಗು. ಅತ್ತೆ ತರಕಾರಿ ಹೆಚ್ಚುತ್ತ, "ಏನಂತೆ ಇವತ್ತು ನಿನ್ನ ಡಬ್ಬ?" ಎಂದು ಕೇಳಿದರೆ ಸಾಕು, ಅವಳ ಮಾತಿನ ಕಟ್ಟೆ ಒಡೆಯುತ್ತಿತ್ತು. ಬಸ್ ಓಡಿಸುವ ಗಂಡ ಊಟದ ತಟ್ಟೆ ಹಿಡಿದು ಮೆಲ್ಲಗೆ ಹಜಾರಕ್ಕೆ ಜಾರಿಕೊಳ್ಳುತ್ತಿದ್ದ. ಅತ್ತೆ ಮಾತ್ರ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ದುಡಿದ ಹೆಂಗಸು ಅದು. ಕಂಪನಿ ಎಂದರೆ ಏನು ಎಂಬುದರ ಬಗ್ಗೆ ಆಕೆಗೆ ಆಕೆಯದೇ ಖಚಿತ ಅಭಿಪ್ರಾಯಗಳಿದ್ದವು.

ಎರಡನೆಯ ತಿಂಗಳಿನ ಒಂದು ಬುಧವಾರ, ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ, ಪರದೆಯ ಕೆಳಗಿನ ಸುದ್ದಿ ಪಟ್ಟಿಯಲ್ಲಿ ಒಂದು ಸಾಲು ಓಡಿತು. ವಿದ್ಯುತ್ ಬಸ್ಸು ತಯಾರಿಸುವ ದೊಡ್ಡ ಕಂಪನಿಯೊಂದು ಮುಂದಿನ ಐದು ವರ್ಷ ತನ್ನ ಎಲ್ಲ ಬಸ್ಸುಗಳಿಗೂ ಮಿಂಚುಹುಳ ಬ್ಯಾಟರಿಗಳನ್ನೇ ಹಾಕಿಸುತ್ತದಂತೆ. ಅಷ್ಟೇ ಸಾಲು. ಐದು ನಿಮಿಷ ಕಳೆಯುವುದರೊಳಗೆ ಸಣ್ಣ ಕಂಪನಿಗಳ ಸೂಚ್ಯಂಕದ ಪಟ್ಟಿಯಲ್ಲಿ, ಎಲ್ಲೋ ತಳದಲ್ಲಿ ಮಲಗಿದ್ದ 'ಮಿಂಚುಹುಳ ಇಂಡಸ್ಟ್ರೀಸ್' ಎದ್ದು ಕುಳಿತಿತು. ಶೇಕಡಾ ಒಂಬತ್ತು. ಹದಿನಾಲ್ಕು. ಹತ್ತೊಂಬತ್ತು. ಒಂದು ಗಂಟೆ ಹೊಡೆಯುವಾಗ ಅದು ಪಟ್ಟಿಯ ನೆತ್ತಿಯ ಮೇಲಿತ್ತು. ಅದರ ಜೊತೆಗೆ ಇಡೀ ಸೂಚ್ಯಂಕವೇ ಮೇಲಕ್ಕೆ ತೆವಳತೊಡಗಿತ್ತು.

"ಅಬ್ಬಬ್ಬಾ, ಇದು ರಾಕೆಟ್ಟು!" ಎಂದು ಪಕ್ಕದ ಮೇಜಿನ ವರದಿಗಾರ್ತಿ ಕುರ್ಚಿಯಿಂದ ಎದ್ದೇಬಿಟ್ಟಳು. ಚುರುಕು ಹೆಣ್ಣು, ಟೈಪ್ ಮಾಡಿದರೆ ಬೆರಳು ಕಾಣಿಸದು. "ಹೊಸ ಮೇಡಂ, ಇದರ ವಿವರ ಬೇಗ ಕೊಡಿ. ನಾನು ಬಸ್ ಕಂಪನಿಗೆ ಫೋನ್ ಹಚ್ತಾನೇ ಇದ್ದೀನಿ, ಊಟದ ಹೊತ್ತು ನೋಡಿ, ಒಬ್ರೂ ಎತ್ತುತ್ತಿಲ್ಲ."

ಹೊಸ ಮೇಡಂ ಆಗಲೇ ಹಸಿರು ಗುಂಡಿ ಒತ್ತಿದ್ದಳು. ತಯಾರಿಕೆ: ಗೃಹೋಪಯೋಗಿ ವಸ್ತುಗಳು. ಕೆಲಸಗಾರರು: ಇನ್ನೂರ ಹತ್ತು. ವಿಳಾಸದ ಸಾಲಿಗೆ ಕಣ್ಣು ಹೋದಾಗ ಅವಳ ಮುಖ ಅರಳಿತು. ಇದು ಅತ್ತೆಯ ಕಾರ್ಖಾನೆ! ಮನೆಯಲ್ಲಿ ಅದಕ್ಕೆ ಬರೀ ಫ್ಯಾಕ್ಟರಿ ಎಂದೇ ಹೆಸರು. ರಸ್ತೆ ಅದೇ, ನಲವತ್ತನೆಯ ನಂಬರೂ ಅದೇ. ಮದುವೆಯಾದ ಹೊಸತರಲ್ಲಿ ಅತ್ತೆಗೆ ಊಟದ ಡಬ್ಬಿ ಕೊಡಲು ಎಷ್ಟು ಸಲ ಹೋಗಿದ್ದಳೋ.

ಖುಷಿ ತಡೆಯಲಾರದೆ ಕಾರಿಡಾರಿಗೆ ಹೋಗಿ ಮನೆಗೆ ಫೋನ್ ಮಾಡಿದಳು.

"ಅತ್ತೆ, ನಿಮ್ಮ ಫ್ಯಾಕ್ಟರಿಗೆ ಅದೃಷ್ಟ ಖುಲಾಯಿಸಿತು! ಬಸ್ಸುಗಳಿಗೆಲ್ಲ ನಿಮ್ಮ ಬ್ಯಾಟರಿನೇ ಅಂತೆ. ಷೇರು ಹೇಗೆ ಏರ್ತಿದೆ ಅಂತೀರಾ!"

ಅತ್ತೆ, "ಯಾವ ಬ್ಯಾಟರಿನೇ?" ಎಂದರು.

"ಮಿಂಚುಹುಳ ಬ್ಯಾಟರಿ ಅತ್ತೆ."

"ಅಯ್ಯೋ ಹುಚ್ಚಿ, ಅಲ್ಲಿ ಬ್ಯಾಟರಿ ಮಾಡಿ ಹನ್ನೊಂದು ವರ್ಷ ಆಯ್ತಲ್ಲೇ! ನಾನು ರಿಟೈರ್ ಆಗೋಕೆ ಎರಡು ವರ್ಷ ಮುಂಚೆ ಆ ವಿಭಾಗ ಮಾರಿಬಿಟ್ರು. ಮಷೀನು, ಎಂಜಿನಿಯರುಗಳು, ಕೊನೆಗೆ ಗೋಡೆ ಮೇಲಿನ ಬೋರ್ಡೂ ಕಿತ್ತುಕೊಂಡು ಹೋದ್ರು. ಮಧ್ಯೆ ಗೋಡೆ ಎಬ್ಬಿಸಿ ಹಿಂದಿನ ಗೇಟಿಂದ ಓಡಾಡೋಕೆ ಶುರು ಮಾಡಿದ್ರು. ನಮ್ಮ ಪಾಲಿಗೆ ಉಳಿದಿದ್ದು ಕೊಡೆಕಡ್ಡಿ."

"ಕೊಡೆಕಡ್ಡಿನಾ?"

"ಕೊಡೆಕಡ್ಡಿ, ಹೇರ್‌ಪಿನ್ನು. ಎರಡು ವರ್ಷ ಅದನ್ನೇ ಎಣಿಸಿ ಡಬ್ಬಕ್ಕೆ ತುಂಬಿದ್ದೀನಿ, ನನಗೆ ಗೊತ್ತಿಲ್ವಾ? ಬಸ್ಸಿಗೆ ಕೊಡೆಕಡ್ಡಿ ಯಾಕೆ ಬೇಕಂತೆ?"

ಅವಳು ಒಳಗೆ ತಿರುಗಿ ನೋಡಿದಳು. ಗಾಜಿನ ಬಾಗಿಲಿನಾಚೆ ಟರ್ಮಿನಲ್ ಕಾಣುತ್ತಿತ್ತು. ಶೇಕಡಾ ಇಪ್ಪತ್ತೇಳು. ಹೆಸರು ನೋಡಿ ಜನ ಕೊಡೆಕಡ್ಡಿ ಕೊಳ್ಳುತ್ತಿದ್ದಾರೆ! ವಿಚಾರಣೆ ಕೊಠಡಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ತಪ್ಪು ಮನೆಗೆ ಫೋನು ಹೋಗುತ್ತಿತ್ತು, ಕ್ಷಮಿಸಿ ಎಂದರೆ ಮುಗಿಯುತ್ತಿತ್ತು. ಇಲ್ಲಿ ಊರಿಗೆ ಊರೇ ತಪ್ಪು ಬಾಗಿಲು ಬಡಿಯುತ್ತಿತ್ತು.

ಅವಳು ಓಡಿದಳೆಂದೇ ಹೇಳಬೇಕು. ಮುಖ್ಯಸ್ಥನ ಮೇಜಿನ ಮುಂದೆ ನಿಂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಅವನು ಪೆನ್ನು ಕೆಳಗಿಟ್ಟ.

"ಯಾರು ಹೇಳಿದ್ದು?"

"ನಮ್ಮ ಅತ್ತೆ ಸಾರ್."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮುಖ್ಯಸ್ಥ ನಗಲಿಲ್ಲ. "ನಿಮ್ಮತ್ತೆ ಸುಳ್ಳು ಹೇಳ್ತಾರೆ ಅಂತಲ್ಲ ಮೇಡಂ. ಆದರೆ ಅತ್ತೆ ಹೇಳಿದ್ರು ಅಂತ ಪತ್ರಿಕೆಯಲ್ಲಿ ಬರೆಯೋಕಾಗುತ್ತಾ? ಕಾಗದ ಬೇಕು. ಇಷ್ಟೊಂದು ಜನ ಒಂದು ಮಾತು ಹೇಳ್ತಿರುವಾಗ ನಾವು ಬೇರೆ ಹೇಳಿ ಮುಗ್ಗರಿಸಿದ್ರೆ ಮುಖ ಎತ್ತಿಕೊಂಡು ತಿರುಗೋ ಹಾಗಿಲ್ಲ." ಗೋಡೆಯತ್ತ ನೋಡಿದ. "ಪೇಟೆ ಮುಚ್ಚೋಕೆ ಇನ್ನು ನೂರ ಮೂವತ್ತೈದು ನಿಮಿಷ. ಹುಡುಕೋದು ಬಿಟ್ಟು ಬೇರೇನೂ ಗೊತ್ತಿಲ್ಲ ಅಂದಿದ್ರಲ್ಲ. ಹುಡುಕಿ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಎಷ್ಟೋ ವರ್ಷಗಳ ಮೇಲೆ ತನ್ನ ಬೆರಳುಗಳಿಗೆ ತಕ್ಕ ಕೆಲಸ ಸಿಕ್ಕಿದೆ ಎಂಬ ಹುರುಪು ಅವಳಿಗೆ.

ಮೊದಲು 'ಮಿಂಚುಹುಳ' ಎಂದು ಹೊಡೆದಳು. ಹದಿನಾರು ಉತ್ತರ ಬಂದವು. ಮಿಂಚುಹುಳ ಹೆಸರಿನ ಚಿತ್ರಮಂದಿರ, ಹೋಟೆಲು, ಮುಚ್ಚಿಹೋದ ಆಟಿಕೆ ಕಂಪನಿ. ಒಂದೊಂದನ್ನೂ ತೆರೆದು ನೋಡಿ ಮುಚ್ಚಿದಳು. ಬ್ಯಾಟರಿ ಮಾಡುವುದು ಒಂದೂ ಇಲ್ಲ. 'ಬ್ಯಾಟರಿ ತಯಾರಕರು' ಎಂದು ಕೇಳಿದರೆ ನಾನೂರು ಹೆಸರು. ಅಷ್ಟನ್ನು ನೋಡುತ್ತ ಕುಳಿತರೆ ಪೇಟೆ ಮುಚ್ಚಿ ಮರುದಿನ ತೆರೆಯುತ್ತದೆ.

ಹಳೆಯ ವಾರ್ಷಿಕ ವರದಿಗಳಲ್ಲಿ ಮಾರಾಟದ ಸುದ್ದಿ ಇರಲೇಬೇಕು ಎಂದು ಇಂಡಸ್ಟ್ರೀಸ್‌ನ ದಾಖಲೆಗಳ ಪುಟಕ್ಕೆ ಹೋದಳು. ವರದಿಗಳು ಸಾಲಾಗಿ ಇದ್ದವು. ಹೋದ ವರ್ಷದ್ದು, ಅದರ ಹಿಂದಿನದು, ಅದರ ಹಿಂದಿನದು. ಒಂಬತ್ತನೆಯ ವರ್ಷಕ್ಕೆ ಪಟ್ಟಿ ನಿಂತುಹೋಯಿತು. ಮಾರಾಟ ನಡೆದು ಹನ್ನೊಂದು ವರ್ಷ. ಕೈಗೆ ಬಂದದ್ದು ಎರಡು ವರ್ಷದ ದೂರದಲ್ಲಿ ತಪ್ಪಿತ್ತು.

"ಎಷ್ಟಾಯ್ತು?" ಎಂದು ಮುಖ್ಯಸ್ಥ ಅಲ್ಲಿಂದಲೇ ಕೂಗಿದ. "ತೊಂಬತ್ತೈದು ನಿಮಿಷ!" ತಾನೇ ಕೇಳಿ ತಾನೇ ಉತ್ತರ ಹೇಳಿಕೊಂಡ.

ಶೇಕಡಾ ಮೂವತ್ತೆಂಟು.

ಅವಳು ಕೀಬೋರ್ಡಿನಿಂದ ಕೈ ತೆಗೆದು ಕಣ್ಣು ಮುಚ್ಚಿದಳು. ಹೆಸರು ಗೊತ್ತಿಲ್ಲದವರನ್ನು ಅಂದು ಹೇಗೆ ಹುಡುಕುತ್ತಿದ್ದೆ? ಸೇತುವೆ ಪಕ್ಕದ ಹಲ್ಲಿನ ಡಾಕ್ಟರು. ಹೆಸರಿನಿಂದಲ್ಲ, ಬಾಗಿಲಿನಿಂದ! ಮಧ್ಯೆ ಗೋಡೆ ಎಬ್ಬಿಸಿ ಹಿಂದಿನ ಗೇಟಿನಿಂದ ಓಡಾಡಿದರು ಎಂದರೆ ಆ ಕಂಪನಿ ಅಲ್ಲೇ ಇದೆ, ಅದೇ ರಸ್ತೆಯಲ್ಲಿ, ಅದೇ ನಂಬರಿನ ಬಗಲಲ್ಲಿ.

ಟರ್ಮಿನಲ್‌ನ ಹುಡುಕು ಪುಟದಲ್ಲಿ ವಿಳಾಸಕ್ಕೆಂದು ಒಂದು ಖಾನೆಯಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವಳು ಅಲ್ಲಿ ರಸ್ತೆಯ ಹೆಸರು ಹೊಡೆದು, ನಲವತ್ತು ಎಂದು ಸೇರಿಸಿ, ಷೇರುಪೇಟೆಯಲ್ಲಿ ಇರುವವು, ಇಲ್ಲದವು ಎರಡೂ ಬೇಕೆಂದು ಗುರುತು ಹಾಕಿ ಹಸಿರು ಗುಂಡಿ ಒತ್ತಿದಳು.

ಎರಡೇ ಎರಡು ಸಾಲು ಬಂದವು. ನಲವತ್ತು: ಮಿಂಚುಹುಳ ಇಂಡಸ್ಟ್ರೀಸ್. ನಲವತ್ತು-ಎ: ಎಂ. ಎಚ್. ಸೆಲ್ಸ್, ಖಾಸಗಿ ಕಂಪನಿ.

"ಬಂತು!" ಎಂದು ಅವಳು ಕಿರುಚಿದ್ದು ಇಡೀ ಕೋಣೆಗೆ ಕೇಳಿಸಿತು. ವರದಿಗಾರ್ತಿ ಕುರ್ಚಿಯ ಚಕ್ರ ಉರುಳಿಸಿಕೊಂಡೇ ಪಕ್ಕಕ್ಕೆ ಬಂದಳು. ತಯಾರಿಕೆ: ವಾಹನ ಮತ್ತು ಕೈಗಾರಿಕಾ ಬ್ಯಾಟರಿಗಳು. ಯಜಮಾನರು: ಒಂದೇ ಕುಟುಂಬ, ನೂರಕ್ಕೆ ನೂರು. ಷೇರುಪೇಟೆಯಲ್ಲಿ ಇಲ್ಲ. ಅಂದರೆ ಯಾರು ಎಷ್ಟೇ ಆಸೆಪಟ್ಟರೂ ಇದರ ಒಂದು ಷೇರೂ ಪೇಟೆಯಲ್ಲಿ ಸಿಗದು.

"ಆದರೆ ಬ್ಯಾಟರಿ ಮೇಲೆ ಮಿಂಚುಹುಳ ಅಂತ ಹಾಕ್ತಾರೆ ಅನ್ನೋದಕ್ಕೆ ಏನು ಆಧಾರ?" ಎಂದು ವರದಿಗಾರ್ತಿ ಕೇಳಿದಳು. "ಗಡಿಯಾರ ಅದನ್ನೇ ಮೊದಲು ಕೇಳೋದು."

ಕೊನೆಯ ಗಂಟು ಅದೊಂದೇ. ಹಳೆಯ ವರದಿ ಇಲ್ಲದಿದ್ದರೆ ಬೇಡ, ಇರುವ ವರದಿಗಳಲ್ಲೇ ಎಲ್ಲಾದರೂ ಇದು ಇಣುಕಿರಬೇಕು. ಹೆಸರೆನ್ನುವುದೂ ಆಸ್ತಿ ತಾನೆ, ಅದನ್ನು ಬಿಟ್ಟುಕೊಟ್ಟವರು ಪ್ರತಿ ವರ್ಷ ಹೇಳಿಕೊಳ್ಳಬೇಕು. ಹೋದ ವರ್ಷದ ವರದಿ ತೆರೆದಳು, ನೂರ ನಲವತ್ತು ಪುಟ. ಮೊದಲ ಪುಟದಲ್ಲಿ ಬಣ್ಣದ ಕೊಡೆ ಹಿಡಿದ ನಗುಮುಖದ ಹೆಂಗಸು. ಅದನ್ನು ನೋಡಿ ವರದಿಗಾರ್ತಿ ಹಣೆ ಚಚ್ಚಿಕೊಂಡಳು: "ಇಷ್ಟು ಹೊತ್ತು ನಾವು ಯಾರೂ ಈ ಪುಟ ತೆರೆಯಲೇ ಇಲ್ವಲ್ಲ!"

ಅರ್ಧ ಪುಟಗಳನ್ನು ಅವಳು, ಉಳಿದರ್ಧ ವರದಿಗಾರ್ತಿ, ಎರಡು ಪರದೆಗಳಲ್ಲಿ. ನೂರ ಹನ್ನೆರಡನೆಯ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಅಡಿಟಿಪ್ಪಣಿಯೊಂದು ಅವಳ ಕಣ್ಣಿಗೆ ಬಿತ್ತು. 'ಬ್ಯಾಟರಿ ಮತ್ತು ಟಾರ್ಚುಗಳ ಮೇಲೆ ಮಿಂಚುಹುಳ ಎಂಬ ಹೆಸರನ್ನು ಬಳಸುವ ಪೂರ್ಣ ಹಕ್ಕು ಎಂ. ಎಚ್. ಸೆಲ್ಸ್ ಅವರದಾಗಿದ್ದು, ಸದರಿ ಸಂಸ್ಥೆಯಲ್ಲಿ ನಮ್ಮ ಕಂಪನಿಗೆ ಯಾವುದೇ ಪಾಲಿರುವುದಿಲ್ಲ.'

ಅವಳು ಪರದೆಗೆ ಬೆರಳು ಒತ್ತಿ ತೋರಿಸಿದಳು.

ಆಮೇಲೆ ಎಲ್ಲವೂ ಕಾಲಿಗೆ ಚಕ್ರ ಕಟ್ಟಿದ ಹಾಗೆ ನಡೆಯಿತು. ಮುಖ್ಯಸ್ಥ ಅಡಿಟಿಪ್ಪಣಿಯನ್ನು ಎರಡು ಸಲ ಓದಿದ. ಮೂರನೆಯ ಸಲ ಜೋರಾಗಿ ಓದಿದ. ವರದಿಗಾರ್ತಿ ಇಂಡಸ್ಟ್ರೀಸ್ ಕಂಪನಿಯ ಕಾರ್ಯದರ್ಶಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

ಆ ಕಡೆಯ ಮನುಷ್ಯನ ದನಿ ಬಳಲಿ ಬೆಂಡಾಗಿತ್ತು. "ಬ್ಯಾಟರಿ ನಮ್ಮದಲ್ಲ ಮೇಡಂ, ನಮ್ಮದಲ್ಲ. ಮಧ್ಯಾಹ್ನದಿಂದ ಅರವತ್ತು ಫೋನು. ಮೊದಲ ಹತ್ತು ಜನ ಅಭಿನಂದನೆ ಅಂದಾಗ, ಜನಕ್ಕೆ ಕೊನೆಗೂ ಕೊಡೆ ಮೇಲೆ ಪ್ರೀತಿ ಬಂತು ಅಂದ್ಕೊಂಡೆ. ಷೇರುಪೇಟೆಗೆ ಪತ್ರ ಬರೀತಾ ಇದ್ದೀವಿ. ನಮ್ಮ ವಕೀಲರು ಪ್ರತಿ ವಾಕ್ಯಕ್ಕೂ ಒಂದು ತಿದ್ದುಪಡಿ ಹಾಕ್ತಾ ಇದ್ದಾರೆ."

"ನೀವು ಈಗ ಹೇಳಿದ್ದನ್ನ ಬರೀಬಹುದಾ?"

"ಬರೀರಿ, ದಯವಿಟ್ಟು ಬೇಗ ಬರೀರಿ!"

ಕೋಣೆಯಲ್ಲಿ ನಗುವಿನ ಅಲೆ ಎದ್ದಿತು. ಮುಖ್ಯಸ್ಥ ಮಾತ್ರ ಹೊಸ ಮೇಡಂ ಕಡೆ ತಿರುಗಿದ. "ಒಂದು ಸಲ ಯೋಚಿಸಿ ಹೇಳಿ. ಇದು ತಪ್ಪಾಗೋಕೆ ಎಲ್ಲಾದರೂ ಜಾಗ ಉಳಿದಿದೆಯಾ?"

"ಇಲ್ಲ ಸಾರ್. ತಪ್ಪಾದ್ರೆ ನಾಳೆಯಿಂದ ನಾನು ಬರಲ್ಲ."

"ತಪ್ಪಾದ್ರೆ ನಾನೂ ಬರಲ್ಲ," ಎಂದು ಅವನು ಕಂಪ್ಯೂಟರಿನ ಮುಂದೆ ಬಗ್ಗಿ ತಾನೇ ಸುದ್ದಿಯನ್ನು ಪತ್ರಿಕೆಯ ಜಾಲತಾಣಕ್ಕೆ ಏರಿಸಿದ. ಎರಡು ಗಂಟೆ ಐವತ್ತೊಂದು ನಿಮಿಷ. 'ಏರಿದ್ದು ಬ್ಯಾಟರಿಯಲ್ಲ, ಕೊಡೆಕಡ್ಡಿ.'

ಹದಿನಾಲ್ಕು ಜನ ಒಂದು ಟರ್ಮಿನಲ್ ಸುತ್ತ ನಿಂತರು. ಶೇಕಡಾ ನಲವತ್ತೊಂದು. ಒಂದು ನಿಮಿಷ ಏನೂ ಆಗಲಿಲ್ಲ. ಎರಡು ನಿಮಿಷ. ನಲವತ್ತೆರಡು. ಇಷ್ಟು ದೊಡ್ಡ ಪೇಟೆಯಲ್ಲಿ ನಮ್ಮ ಪತ್ರಿಕೆಯನ್ನು ಯಾರು ಓದುತ್ತಾರೆ ಎಂದು ಯಾರೋ ಗೊಣಗಿದರು. ಅಷ್ಟರಲ್ಲಿ ಅಂಕಿ ಒಮ್ಮೆ ನಡುಗಿತು. ಮೂವತ್ತೊಂಬತ್ತು. ಮೂವತ್ತಮೂರು. ಇಪ್ಪತ್ತು! ಮೆಟ್ಟಿಲಿನಿಂದ ಉರುಳಿದ ಕೊಡದ ಹಾಗೆ ದಡಬಡ ಇಳಿಯಿತು. ಸಣ್ಣ ಕಂಪನಿಗಳ ಸೂಚ್ಯಂಕದ ಗೆರೆ ಇದ್ದಕ್ಕಿದ್ದಂತೆ ಮೂತಿ ಕೆಳಗೆ ಮಾಡಿತು. ಮೂರು ಗಂಟೆ ನಾಲ್ಕು ನಿಮಿಷಕ್ಕೆ ಹೆಸರಿನ ಪಕ್ಕ ಹೊಸ ಗುರುತು ಮೂಡಿತು. ಸ್ಪಷ್ಟನೆ ಬರುವ ತನಕ ಷೇರುಪೇಟೆಯವರು ಆ ಷೇರಿನ ವಹಿವಾಟನ್ನೇ ನಿಲ್ಲಿಸಿದ್ದರು.

ಕೂಗಾಟ ಪಕ್ಕದ ಕ್ರೀಡಾ ವಿಭಾಗದವರನ್ನೂ ಎಳೆದು ತಂದಿತು. ಯಾವ ಪಂದ್ಯ ಗೆದ್ದಿರಿ ಎಂದು ಕೇಳಿದರು ಅವರು.

ಫೋನುಗಳು ಬರತೊಡಗಿದವು. ನಿವೃತ್ತ ಮೇಷ್ಟರೊಬ್ಬರು, "ಕೊಳ್ಳೋಕೆ ಅಂತ ಬೆರಳು ಇಟ್ಟಿದ್ದೆ ತಾಯಿ, ಅಷ್ಟರಲ್ಲಿ ನಿಮ್ಮ ಸುದ್ದಿ ಓದಿದೆ," ಎಂದು ಮೂರು ಸಲ ಧನ್ಯವಾದ ಹೇಳಿದರು. ಆಮೇಲೆ ಫೋನ್ ಮಾಡಿದ ಒಬ್ಬಾತ, ಷೇರು ಶೇಕಡಾ ನಲವತ್ತೆರಡು ಏರಿದ್ದಾಗ ಕೊಂಡವನು, ಅವಳನ್ನು ಬಾಯಿಗೆ ಬಂದಂತೆ ಬೈದ. ಅವಳು ವಿಚಾರಣೆ ಕೊಠಡಿಯ ಹಳೆಯ ಅಭ್ಯಾಸದಂತೆ ಮಧ್ಯೆ ಬಾಯಿ ಹಾಕದೆ ಕೊನೆಯ ತನಕ ಕೇಳಿದಳು. ಆ ಅಡಿಟಿಪ್ಪಣಿ ಹತ್ತು ನಿಮಿಷ ಮುಂಚೆ ಸಿಕ್ಕಿದ್ದರೆ ಅವನೂ ಉಳಿಯುತ್ತಿದ್ದನಲ್ಲ ಎನ್ನಿಸಿತು.

ಸಂಜೆ ಅವಳು ಮನೆಗೆ ನಡೆದು ಬಂದದ್ದೋ ಹಾರಿ ಬಂದದ್ದೋ ಅವಳಿಗೇ ತಿಳಿಯದು. ಬಾಗಿಲು ತೆರೆದ ಅತ್ತೆಯ ಕೈಯಲ್ಲಿ ಫೋನು ಬಿಸಿಯಾಗಿತ್ತು. ಪ್ಯಾಕಿಂಗ್ ವಿಭಾಗದ ಹಳೆಯ ಗೆಳತಿಯರೆಲ್ಲ ಸುದ್ದಿ ಓದಿ ಕರೆ ಮಾಡಿದ್ದರಂತೆ.

"ಕಾರ್ಖಾನೆಯ ನಿವೃತ್ತ ಉದ್ಯೋಗಿಯೊಬ್ಬರು ಅಂತ ಬರೆದಿದ್ದಾರಲ್ಲ, ಅದು ನಾನೇ ಅಂತ ಎಲ್ರಿಗೂ ಹೇಳಿದ್ದೀನಿ," ಎಂದರು ಅತ್ತೆ. "ಹೆಸರು ಯಾಕೆ ಹಾಕಲಿಲ್ಲ?"

"ಕೇಳದೆ ಹಾಕೋ ಹಾಗಿಲ್ಲ ಅತ್ತೆ."

"ಕೇಳಬೇಕಿತ್ತು. ನಾನೇನು ಬೇಡ ಅಂತಿದ್ನಾ?"

ಆ ರಾತ್ರಿ ಗಂಡ ತಟ್ಟೆ ಹಿಡಿದು ಹಜಾರಕ್ಕೆ ಹೋಗಲಿಲ್ಲ. ಅಡಿಟಿಪ್ಪಣಿ ಸಿಕ್ಕ ಕಥೆಯನ್ನು ಎರಡು ಸಲ ಹೇಳಿಸಿಕೊಂಡ.

ಮರುದಿನ ಮುಖ್ಯಸ್ಥ ಅವಳನ್ನು ಕರೆದು ಒಂದು ಕಾಗದ ಮುಂದಿಟ್ಟ. ಪರೀಕ್ಷಾರ್ಥ ಅವಧಿ ಮುಗಿಯಿತು, ಕೆಲಸ ಕಾಯಂ ಎಂಬ ಪತ್ರ. "ಇವತ್ತಿಂದ ಕೋಷ್ಟಕ ಬೇರೆಯವರು ತುಂಬ್ತಾರೆ. ನೀವು ಒಂದು ಕೆಲಸ ಮಾಡಿ. ಸಣ್ಣ ಕಂಪನಿಗಳ ಸೂಚ್ಯಂಕದಲ್ಲಿ ಇನ್ನೂರೈವತ್ತು ಹೆಸರಿವೆ. ಹೆಸರು ಒಂದು ಹೇಳಿ, ಮಾಡೋದು ಇನ್ನೊಂದು ಅನ್ನೋ ಕಂಪನಿಗಳು ಅದರಲ್ಲಿ ಎಷ್ಟಿವೆ? ನೋಡಿಕೊಂಡು ಬರೀರಿ. ನಿಮ್ಮ ಹೆಸರಲ್ಲೇ ಬರಲಿ."

"ಎಷ್ಟು ನಿಮಿಷ ಸಾರ್?"

ಅವನು ಮೊದಲ ಸಲ ನಕ್ಕ. "ಎರಡು ವಾರ ತಗೊಳ್ಳಿ."

ಅವಳಿಗೆ ಎರಡು ವಾರ ಎಲ್ಲಿಯ ತಾಳ್ಮೆ! ಹಳದಿ ಗುಂಡಿ ಒತ್ತಿ ಪಟ್ಟಿಯನ್ನು ಮೇಲಿನಿಂದ ಹಿಡಿದಳು. ಒಂದೊಂದು ಹೆಸರಿಗೂ ವರದಿ ತೆರೆದು, ತಳದ ಇರುವೆ ಅಕ್ಷರಗಳಿಂದಲೇ ಓದಲು ಶುರು ಮಾಡಿದಳು. ಹನ್ನೊಂದು ಗಂಟೆಯ ಹೊತ್ತಿಗೆ ಚಾಕೊಲೇಟ್ ಕಂಪನಿಯೊಂದು ಸಿಕ್ಕಿತು. ಅದು ಆರು ವರ್ಷಗಳಿಂದ ಕಾರು ನಿಲ್ಲಿಸುವ ಜಾಗ ಬಾಡಿಗೆಗೆ ಕೊಟ್ಟುಕೊಂಡು ಬದುಕಿತ್ತು. ಹನ್ನೆರಡಕ್ಕೆ ಇನ್ನೊಂದು. ಅದನ್ನು ಓದಿದವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಾರಿಡಾರಿಗೆ ಓಡಿದಳು.

"ಅತ್ತೆ, ಕೇಳಿ ಇಲ್ಲಿ! ಹಡಗಿನ ಕಂಪನಿ, ಎಪ್ಪತ್ತು ವರ್ಷ ಹಳೇದು. ಅದರಲ್ಲಿ ಒಂದೇ ಒಂದು ಹಡಗೂ ಇಲ್ಲ!"

"ಮತ್ತೇನಿದೆ?"

"ನಾಲ್ಕು ಪೆಟ್ರೋಲ್ ಬಂಕು, ಒಂದು ಈಜುಕೊಳ."

"ಈಜುಕೊಳ ಇದೆ ಅಂದ್ಮೇಲೆ ನೀರಂತೂ ಬಿಟ್ಟಿಲ್ಲ ಬಿಡು," ಎಂದರು ಅತ್ತೆ. "ನಿಲ್ಲಿಸಬೇಡ, ಮುಂದಿಂದು ನೋಡು. ಈ ಸಲ ನನ್ನ ಹೆಸರು ಹಾಕೋದಾದ್ರೆ ಈಗಲೇ ಹೇಳ್ತಿದ್ದೀನಿ, ನನ್ನ ಒಪ್ಪಿಗೆ ಇದೆ."